ಸೂತ್ರ, ವೃತ್ತಿ, ಪ್ರಯೋಗ: ಗಣಕ ಭಾಷೆಗಳ ಕೈಪಿಡಿಗಳನ್ನು ಕುರಿತು

ವಿಮರ್ಶೆ ಎಂದೊಡನೆ ಕಥೆ, ಕಾದಂಬರಿ, ಕವನ ಸಂಕಲನಗಳು ನೆನಪಿಗೆ ಬರುವುದು ಸಹಜ. ಈ ಪುಟಗಳಲ್ಲಿಯೂ ನಡೆದುಬಂದ ರೂಢಿ ಅದೇ. ಈ ಸಲ ನಾವು ಅಂಗಡಿಯಲ್ಲಿ ಸಿಗದ, ಬೆಲೆಯನ್ನೂ ನಮೂದಿಸದ ಒಂದು ಸಣ್ಣ ಪುಸ್ತಿಕೆಯನ್ನು ಕೈಗೆತ್ತಿಕೊಂಡಿದ್ದೇವೆ. ಭಾನುವಾರದ ಕಂಪ್ಯೂಟರ್ ತರಗತಿಗಾಗಿ ನಾಲ್ವರು ಸೇರಿ ಬರೆದ, ಪೈಥಾನ್ ಎಂಬ ಗಣಕ ಭಾಷೆಯನ್ನು ಕನ್ನಡದಲ್ಲಿ ಕಲಿಸುವ ಕೈಪಿಡಿ ಅದು. ಆ ನಾಲ್ವರಲ್ಲಿ ನಾವೂ ಒಬ್ಬರು. ಮೂರನೆಯ ಅಧ್ಯಾಯ ನಮ್ಮದೇ. ತಾನು ಬರೆದುದನ್ನು ತಾನೇ ವಿಮರ್ಶಿಸುವುದು ಶಿಷ್ಟಾಚಾರವಲ್ಲವೆಂದು ಬಲ್ಲೆವು. ಹೊಗಳಿಕೊಳ್ಳುವ ಉದ್ದೇಶ ಇಲ್ಲಿಲ್ಲವಾದುದರಿಂದ ಓದುಗರು ಮನ್ನಿಸುವರೆಂದು ನಂಬಿದ್ದೇವೆ.

ಗಣಕ ಭಾಷೆ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಯಂತ್ರಕ್ಕೆ ಆಜ್ಞೆ ಕೊಡಲು ಮನುಷ್ಯರು ಕಟ್ಟಿದ ಭಾಷೆಗಳು ಸಿ, ಜಾವಾ, ಪೈಥಾನ್ ಮೊದಲಾದವು. ಯಾವ ಪದಕ್ಕೆ ಏನು ಅರ್ಥ, ಯಾವ ಚಿಹ್ನೆ ಎಲ್ಲಿ ಬರಬೇಕು, ತಪ್ಪಿದರೆ ಏನಾಗುತ್ತದೆ ಎಂಬುದನ್ನು ತಿಳಿಸುವ ಪುಸ್ತಕವೇ ಆ ಭಾಷೆಯ ಕೈಪಿಡಿ. ವ್ಯಾಕರಣವೂ ನಿಘಂಟೂ ಒಂದೇ ರಟ್ಟಿನೊಳಗೆ ಸೇರಿದ ಹಾಗೆ. ಬೆಳಿಗ್ಗೆ ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಹಿಡಿದು ಠಾಣೆಯಲ್ಲಿ ಇಳಿದು, 2004ರಲ್ಲಿ ಆರಂಭವಾದ ಟ್ರಾನ್ಸ್ ಹಾರ್ಬರ್ ಗಾಡಿಯೇರಿ ಐರೋಲಿ, ಘನಸೋಲಿ, ಮಹಾಪೆಗಳ ಗಾಜಿನ ಕಟ್ಟಡಗಳಿಗೆ ಹೋಗುವ ನಮ್ಮ ಮಕ್ಕಳು ದಿನವಿಡೀ ಓದುವುದು ಇಂತಹ ಕೈಪಿಡಿಗಳನ್ನೇ. ನಮ್ಮ ಕನ್ನಡ ಮನೆಗಳಲ್ಲಿ ಎಷ್ಟೋ ಮನೆಗಳ ಅನ್ನ ಈ ಓದಿನಿಂದ ಬರುತ್ತಿದೆ. ಆದರೂ ಈ ಬರವಣಿಗೆಯ ಗುಣದೋಷಗಳನ್ನು ಕನ್ನಡದಲ್ಲಿ ಯಾರೂ ಅಷ್ಟಾಗಿ ಚರ್ಚಿಸಿದಂತೆ ಕಾಣೆವು.

ಈಗ ಪುಸ್ತಿಕೆಯ ವಿಷಯ. ನಮ್ಮ ತರಗತಿಗೆ ಕಲ್ಯಾಣದಿಂದ ಒಬ್ಬ ಗೃಹಿಣಿ ಬರುತ್ತಿದ್ದರು. ವಿಜಯಪುರ ಜಿಲ್ಲೆಯವರು; ಕನ್ನಡ ಮಾಧ್ಯಮದಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ಕಂತಿನ ಮೇಲೆ ಕೊಡಿಸಿದ ಹಳೆಯ ಲ್ಯಾಪ್‌ಟಾಪ್ ಇತ್ತು. ಮಗುವನ್ನು ಮಲಗಿಸಿ ರಾತ್ರಿ ಅಭ್ಯಾಸ ಮಾಡುತ್ತಿದ್ದರು. ಇಂಗ್ಲಿಷಿನ ಕೈಪಿಡಿ ಓದಿ ಕಲಿಯುವಷ್ಟು ಇಂಗ್ಲಿಷ್ ಬಾರದವರಿಗಾಗಿಯೇ ನಾವು ಈ ಪುಸ್ತಿಕೆ ಬರೆದುದು. ಇವರಿಗಾಗಿಯೇ ಬರೆದಂತಿತ್ತು ಎನ್ನಬಹುದು. ಮೂರು ವಾರ ಬಂದವರು ನಾಲ್ಕನೆಯ ವಾರ ಬರಲಿಲ್ಲ. ಫೋನ್ ಮಾಡಿ ವಿಚಾರಿಸಿದಾಗ, "ಸರ, ಇದು ನನ್ನ ತಲಿಗೆ ಹತ್ತೂದಿಲ್ರಿ. ನಿಮಗೂ ಸುಮ್ಮ ತ್ರಾಸ" ಎಂದರು. ನಾವು ಎರಡು ಸಮಾಧಾನದ ಮಾತು ಹೇಳಿ ಫೋನ್ ಇಟ್ಟೆವು. ಎಲ್ಲರಿಗೂ ಎಲ್ಲವೂ ಬರಬೇಕೆಂದೇನಿದೆ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ಉಂಟು.

ಆ ರಾತ್ರಿ ಏನೋ ತೋರಿ, ಆಕೆ ಎಲ್ಲಿ ನಿಂತಿದ್ದರೋ ಆ ಪಾಠವನ್ನು ಪುಸ್ತಿಕೆಯ ಕಡತದಿಂದ ನಾವೇ ಎತ್ತಿ ಯಂತ್ರಕ್ಕೆ ಹಾಕಿ ನೋಡಿದೆವು. ಯಂತ್ರ ನಮ್ಮನ್ನೂ ತಿರಸ್ಕರಿಸಿತು. ಒಂದಲ್ಲ, ನಾಲ್ಕು ಕಡೆ. ತಲೆಗೆ ಹತ್ತದಿದ್ದುದಕ್ಕೆ ಕಾರಣ ಆಕೆಯ ತಲೆಯಲ್ಲ, ನಮ್ಮ ಪುಸ್ತಿಕೆ.

ದೋಷಗಳನ್ನು ಒಂದೊಂದಾಗಿ ಹೇಳುತ್ತೇವೆ. ಮೊದಲನೆಯದು ಉದ್ಧರಣ ಚಿಹ್ನೆ. ಪೈಥಾನಿನಲ್ಲಿ ಮಾತನ್ನು ಸುತ್ತುವರಿಯುವ ಚಿಹ್ನೆ ನೆಟ್ಟಗಿನದಾಗಿರಬೇಕು. ನಾವು ಪುಸ್ತಿಕೆಯನ್ನು ಪತ್ರ ಟೈಪು ಮಾಡುವ ತಂತ್ರಾಂಶದಲ್ಲಿ ಸಿದ್ಧಪಡಿಸಿದೆವು. ಅದು ಚೆಂದಕ್ಕೆಂದು ನೆಟ್ಟಗಿನ ಚಿಹ್ನೆಗಳನ್ನು ತಾನಾಗಿಯೇ ಬಾಗಿದ ಚಿಹ್ನೆಗಳಾಗಿ ಮಾರ್ಪಡಿಸಿತು. ಮನುಷ್ಯರ ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ ಅಕ್ಷರಗಳು. ಮೊದಲ ಅಧ್ಯಾಯದವರು ಇದನ್ನು ಅರಿತು ಸರಿಪಡಿಸಿದ್ದರು. ಉಳಿದ ಮೂವರು ಸರಿಪಡಿಸಲಿಲ್ಲ. ಹೀಗಾಗಿ ಮೊದಲ ಅಧ್ಯಾಯದಲ್ಲಿ ನಡೆದದ್ದು ಎರಡನೆಯದರಲ್ಲಿ ನಡೆಯದು.

ಎರಡನೆಯದು ಸಾಲಿನ ಮುಂದೆ ಬಿಡುವ ಜಾಗ. ಇತರ ಹಲವು ಭಾಷೆಗಳಲ್ಲಿ ಈ ಜಾಗ ಓದುವವರ ಅನುಕೂಲಕ್ಕೆ ಮಾತ್ರ. ಪೈಥಾನಿನಲ್ಲಿ ಅದೇ ವ್ಯಾಕರಣ. ಯಾವ ಆಜ್ಞೆ ಯಾವುದರ ಅಧೀನ ಎಂಬುದು ಆ ಜಾಗದಿಂದಲೇ ಗೊತ್ತಾಗಬೇಕು. ಒಬ್ಬರು ಸ್ಪೇಸ್ ಕೀಲಿಯನ್ನು ನಾಲ್ಕು ಸಲ ಒತ್ತಿದ್ದರು. ನಾವು ಟ್ಯಾಬ್ ಕೀಲಿಯನ್ನು ಒಂದು ಸಲ ಒತ್ತಿದ್ದೆವು. ಹಾಳೆಯ ಮೇಲೆ ಭೇದ ಕಾಣದು. ಅವರ ನಾಲ್ಕು ಸಾಲುಗಳ ಕೆಳಗೆ ನಮ್ಮ ನಾಲ್ಕು ಸಾಲುಗಳನ್ನು ಸೇರಿಸಬೇಕೆಂದು ಅಭ್ಯಾಸದಲ್ಲಿ ಹೇಳಿದ್ದೆವು. ಸೇರಿಸಿದವರಿಗೆ ಸಿಕ್ಕಿದ್ದು ದೋಷದ ಸೂಚನೆ.

ಮೂರನೆಯದು, ಯಂತ್ರಕ್ಕೆ ನಾವು ಹೇಳಬೇಕಾದುದು ಯಾವುದು, ಯಂತ್ರ ನಮಗೆ ಹೇಳುವುದು ಯಾವುದು ಎಂಬ ವಿವೇಚನೆ. ಎರಡನ್ನೂ ಒಂದೇ ಅಚ್ಚಿನಲ್ಲಿ, ನಡುವೆ ಗೆರೆಯೂ ಇಲ್ಲದೆ ಮುದ್ರಿಸಿದ್ದೆವು. 'ಒಟ್ಟು ಮೊತ್ತ 15 ರೂಪಾಯಿ' ಎಂಬುದು ಯಂತ್ರ ಕೊಡಬೇಕಾದ ಉತ್ತರ. ಓದುಗರು ಅದನ್ನೂ ಆಜ್ಞೆಯೆಂದು ತಿಳಿದು ಹಾಕಿದರೆ ಅವರ ತಪ್ಪೇನು?

ನಾಲ್ಕನೆಯದು ಹೆಸರು. ಬೆಲೆ ಬದಲಾಗಬಲ್ಲ ಹೆಸರಿಗೆ ಇಂಗ್ಲಿಷಿನಲ್ಲಿ ವೇರಿಯಬಲ್ ಎನ್ನುತ್ತಾರೆ. ನಮ್ಮ ಮೊದಲ ಅಧ್ಯಾಯದಲ್ಲಿ ಅದು 'ಚರಾಕ್ಷರ', ಎರಡನೆಯದರಲ್ಲಿ 'ಚಲಕ', ಮೂರನೆಯದರಲ್ಲಿ ನಮ್ಮ ಪ್ರತಾಪದಿಂದ 'ವೇರಿಯಬಲ್ಲು'. ಮೂರೂ ಶಬ್ದಗಳಿಗೆ ಸಮರ್ಥನೆಯುಂಟು. ಆದರೆ ಹೊಸದಾಗಿ ಕಲಿಯುವವರು ಇವು ಮೂರು ಬೇರೆ ವಸ್ತುಗಳೆಂದೇ ಭಾವಿಸುತ್ತಾರೆ. ಕಾವ್ಯದಲ್ಲಿ ತಾವರೆ, ಕಮಲ, ಅಂಬುಜ ಎಂದು ಹೆಸರು ಬದಲಿಸುವುದು ಸೊಗಸು. ಕೈಪಿಡಿಯಲ್ಲಿ ಹೆಸರು ಬದಲಾಯಿತೆಂದರೆ ವಸ್ತುವೇ ಬದಲಾಯಿತೆಂದು ಅರ್ಥ.

ಇವೆಲ್ಲ ಅಚ್ಚಿನ ಸಣ್ಣ ತಪ್ಪುಗಳು, ಇದಕ್ಕೇಕೆ ಇಷ್ಟು ರಂಪ ಎಂದು ಕೇಳುವವರಿರಬಹುದು. ಕಾದಂಬರಿಯಲ್ಲಿ ಇಂತಹ ತಪ್ಪು ಬಂದರೆ ಓದುಗ ಲೇಖಕನನ್ನೋ ಮುದ್ರಕನನ್ನೋ ಬೈದು ಮುಂದೆ ಹೋಗುತ್ತಾನೆ. ಕಲಿಕೆಯ ಪುಸ್ತಕದಲ್ಲಿ ಹಾಗಾಗದು. ಕಲಿಯುವವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಬುದ್ಧಿವಂತರು ಬರೆದ ಪುಸ್ತಕ ಸರಿಯಾಗಿಯೇ ಇರಬೇಕು, ತಪ್ಪು ತನ್ನದೇ ಇರಬೇಕು ಎಂಬ ವಿನಯ ಅವರಲ್ಲಿರುತ್ತದೆ. ಅದರಲ್ಲಿಯೂ ಪರಸ್ಥಳಕ್ಕೆ ಬಂದು, ಭಾಷೆ ಸಾಲದೆಂಬ ಅಳುಕಿನಲ್ಲಿ ಬಾಳುತ್ತಿರುವವರಲ್ಲಿ ಈ ವಿನಯ ಹೆಚ್ಚು.

ಏಕರೂಪತೆಯ ಪ್ರಯೋಜನವನ್ನು ನಮ್ಮ ಊರಿನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಪ್ಲ್ಯಾಟ್‌ಫಾರಮ್ಮಿನ ಇಂಡಿಕೇಟರನ್ನು ನೆನೆಯಿರಿ. ಗಾಡಿ ಹೋಗುವ ಊರಿನ ಗುರುತು, ಹೊರಡುವ ವೇಳೆ, ಫಾಸ್ಟೋ ಸ್ಲೋವೋ ಎಂಬ ಸೂಚನೆ. ಬ್ರಿಡ್ಜ್ ಇಳಿಯುತ್ತ ಓಡುವವನು ಅದನ್ನು 'ಓದುವುದಿಲ್ಲ'. ಕಣ್ಣು ತಾನಾಗಿಯೇ ಬೇಕಾದ ಮೂಲೆಗೆ ಹೋಗುತ್ತದೆ. ಠಾಣೆಯಲ್ಲಿ ಒಂದು ಬಗೆ, ಡೊಂಬಿವಲಿಯಲ್ಲಿ ಇನ್ನೊಂದು ಬಗೆ ಇದ್ದಿದ್ದರೆ ಎಷ್ಟು ಗಾಡಿಗಳು ತಪ್ಪುತ್ತಿದ್ದವೋ! ಕೈಪಿಡಿಯ ಓದುಗನೂ ಮೊದಲ ಪುಟದಿಂದ ಕೊನೆಯವರೆಗೆ ಓದುವವನಲ್ಲ. ಕೆಲಸ ಅರ್ಧಕ್ಕೆ ನಿಂತಿರುವಾಗ, ಮೇಲಧಿಕಾರಿ ಕಾಯುತ್ತಿರುವಾಗ, ನಡುವಿನ ಒಂದು ಪುಟಕ್ಕೆ ಓಡಿಬರುವವನು. ಆ ಪುಟ ಉಳಿದ ಪುಟಗಳಂತೆಯೇ ಇದ್ದರೆ ಅವನಿಗೆ ದಾರಿ ಸಿಕ್ಕೀತು.

ಇಂತಹ ಶಿಸ್ತು ಪಾಶ್ಚಾತ್ಯರ ಕಂಪ್ಯೂಟರಿನೊಂದಿಗೆ ಬಂದುದೆಂದು ತಿಳಿಯಬೇಕಾಗಿಲ್ಲ. ನಮ್ಮ ಕೇಶಿರಾಜನ ಶಬ್ದಮಣಿದರ್ಪಣವನ್ನು ತೆರೆದು ನೋಡಿ. 13ನೆಯ ಶತಮಾನದ ಆ ವ್ಯಾಕರಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಪ್ರಕರಣಗಳು. ಪ್ರತಿಯೊಂದು ನಿಯಮಕ್ಕೂ ಕಂದ ಪದ್ಯದಲ್ಲಿ ಸೂತ್ರ. ಅದರ ಕೆಳಗೆ ಅರ್ಥ ಬಿಡಿಸುವ ಗದ್ಯ ವೃತ್ತಿ. ಅದರ ಕೆಳಗೆ ಪೂರ್ವಕವಿಗಳಿಂದ ಪ್ರಯೋಗ. ಇದನ್ನು ಕಾಲೇಜಿನಲ್ಲಿ ಐಚ್ಛಿಕವಾಗಿ ಓದಿದವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಸೂತ್ರ ಅರ್ಥವಾಗದಿದ್ದರೂ ಕಣ್ಣು ಪ್ರಯೋಗಕ್ಕೆ ಇಳಿಯುತ್ತದೆ, ಅಲ್ಲಿಂದ ಮತ್ತೆ ಸೂತ್ರಕ್ಕೆ ಏರುತ್ತದೆ. ಎಲ್ಲಿ ಏನಿದೆ ಎಂದು ಗೊತ್ತಿರುವುದರಿಂದಲೇ ಈ ಏರಿಳಿತ ಸಾಧ್ಯ.

ಈಗ ಒಂದು ಸ್ವಾರಸ್ಯ. 1960ರಲ್ಲಿ ಆಲ್ಗಾಲ್ 60 ಎಂಬ ಗಣಕ ಭಾಷೆಯ ವರದಿ ಪ್ರಕಟವಾಯಿತು. ಹದಿಮೂರು ಮಂದಿ ವಿದ್ವಾಂಸರ ಹೆಸರಿನಲ್ಲಿ ಬಂದ ಅದರ ಸಂಪಾದಕ ಡೆನ್ಮಾರ್ಕಿನ ಪೀಟರ್ ನೌರ್. ಮುಂದಿನ ಎಷ್ಟೋ ಭಾಷೆಗಳ ಕೈಪಿಡಿಗಳಿಗೆ ಈ ವರದಿ ಮೇಲ್ಪಂಕ್ತಿಯಾಯಿತು. ಅದರಲ್ಲಿ ಭಾಷೆಯ ಒಂದೊಂದು ಅಂಗಕ್ಕೂ ಒಂದೇ ವಿನ್ಯಾಸ: ಮೊದಲು ರಚನೆಯ ನಿಯಮ, ಆಮೇಲೆ ಉದಾಹರಣೆಗಳು, ಆಮೇಲೆ ಅರ್ಥವಿವರಣೆ, ಮೂರಕ್ಕೂ ಕ್ರಮಸಂಖ್ಯೆ. ಜಾನ್ ಬ್ಯಾಕಸ್ ರೂಪಿಸಿದ ಸಂಕೇತಗಳಲ್ಲಿ ನಿಯಮಗಳನ್ನು ಬರೆದರು. ಕೇಶಿರಾಜನಲ್ಲಿ ಸೂತ್ರ, ವೃತ್ತಿ, ಪ್ರಯೋಗ. ಆಲ್ಗಾಲಿನಲ್ಲಿ ಸೂತ್ರ, ಪ್ರಯೋಗ, ವೃತ್ತಿ. ಒಬ್ಬರನ್ನು ನೋಡಿ ಮತ್ತೊಬ್ಬರು ಮಾಡಿದರೆಂದು ನಾವು ಹೇಳುತ್ತಿಲ್ಲ. ಭಾಷೆಯೊಂದನ್ನು ಅರಿಯದವರಿಗೆ ಅರುಹಲು ಹೊರಟವರು ಏಳುನೂರು ವರ್ಷಗಳ ಅಂತರದಲ್ಲಿಯೂ ಒಂದೇ ಬಗೆಯ ಮೂರು ಮೆಟ್ಟಿಲುಗಳನ್ನು ಕಟ್ಟಬೇಕಾಯಿತೆಂಬುದಷ್ಟೇ ಗಮನಾರ್ಹ. ಆ ವರದಿ ಇನ್ನೊಂದು ಜಾಣತನವನ್ನೂ ತೋರಿತು: ನಿಯಮ ಹೇಳಲು ಬಳಸುವ ಭಾಷೆಯ ರೂಪ, ಅಚ್ಚಿನಲ್ಲಿ ಬಳಸುವ ರೂಪ, ಯಂತ್ರದಲ್ಲಿ ಬಳಸುವ ರೂಪ ಎಂದು ಮೂರನ್ನು ಬೇರ್ಪಡಿಸಿತು. ಅಚ್ಚಿನ ಚೆಂದ ಬೇರೆ, ಯಂತ್ರದ ಅಗತ್ಯ ಬೇರೆ ಎಂದು 1960ರಲ್ಲಿಯೇ ಅವರು ಕಂಡುಕೊಂಡಿದ್ದರು. ನಾವು ಬಾಗಿದ ಉದ್ಧರಣ ಚಿಹ್ನೆಯಲ್ಲಿ ಎಡವಿದೆವು.

ಇದೇ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಹೊರತಂದವರು ರೆವರೆಂಡ್ ಕಿಟ್ಟೆಲ್. 1894ರ ಅವರ ಕನ್ನಡ–ಇಂಗ್ಲಿಷ್ ನಿಘಂಟು ಇಂದಿಗೂ ಕೈಗೆ ಬರುವುದು ಏಕೆ? ಶಬ್ದಸಂಪತ್ತು ಒಂದು ಕಾರಣ. ಯಾವ ಪುಟ ತೆರೆದರೂ ಶಬ್ದ, ಅರ್ಥಗಳು, ಸೋದರ ಭಾಷೆಗಳ ರೂಪಗಳು, ಅವುಗಳ ಸಂಕ್ಷೇಪಾಕ್ಷರಗಳು ಅದೇ ಕಟ್ಟಿನಲ್ಲಿ ಸಿಗುವುದು ಇನ್ನೊಂದು ಕಾರಣ. ಆದರೆ ಕಿಟ್ಟೆಲರದು ಬಹುಮಟ್ಟಿಗೆ ಒಂದೇ ಕೈಯ ಶಿಸ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಂತೆ ದಶಕಗಳ ಕಾಲ ಹಲವರು ದುಡಿದ ಕೃತಿಯಲ್ಲಿ ಆ ಶಿಸ್ತನ್ನು ಕಾಪಾಡುವುದು ಬೇರೆಯೇ ಬಗೆಯ ಸಾಹಸ. ಏಕರೂಪತೆಯನ್ನು ಒಮ್ಮೆ ತರುವುದು ಸುಲಭ. ಬರೆಯುವವರು ಬದಲಾದಾಗಲೂ ಉಳಿಸಿಕೊಳ್ಳುವುದು ಕಷ್ಟ.

ಗಣಕ ಭಾಷೆಗಳ ಇತಿಹಾಸದಲ್ಲಿಯೂ ಈ ಎರಡು ಬಗೆ ಕಾಣುತ್ತದೆ. ಬ್ರಯನ್ ಕರ್ನಿಘನ್ ಮತ್ತು ಡೆನ್ನಿಸ್ ರಿಚಿ ಬರೆದ ಸಿ ಭಾಷೆಯ ಪುಸ್ತಕ 1978ರದು. ಎರಡನೆಯ ಆವೃತ್ತಿ 1988ರದು. ಅದರ ಒಂದು ಹಳೆಯ ಪ್ರತಿಯನ್ನು ನಾವು ವಿದ್ಯಾರ್ಥಿಯಾಗಿದ್ದಾಗ ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಕೊಂಡು, ಲೋಕಲಿನಲ್ಲಿ ನಿಂತುಕೊಂಡೇ ಓದಿದೆವು. ನಮ್ಮ ಇಂಗ್ಲಿಷ್ ಆಗ ಬಿ.ಎಸ್‌ಸಿ. ಪರೀಕ್ಷೆಗೆ ಸಾಕಾಗುವಷ್ಟೇ. ಆದರೂ ಅರ್ಥವಾಯಿತು. ಆವರಣ ಚಿಹ್ನೆ ಎಲ್ಲಿ ಬರಬೇಕೆಂಬುದರಲ್ಲಿ ಜನರಿಗೆ ಹಠಗಳುಂಟು, ಅದು ಅಷ್ಟು ಮುಖ್ಯವಲ್ಲ, ಒಂದು ಪದ್ಧತಿಯನ್ನು ಆಯ್ದುಕೊಂಡು ಅದನ್ನೇ ಪಾಲಿಸಿರಿ ಎಂಬರ್ಥದ ಮಾತನ್ನು ಲೇಖಕರು ಹೇಳಿದ್ದಾರೆ, ಹೇಳಿದಂತೆ ನಡೆದುಕೊಂಡಿದ್ದಾರೆ. ಇಬ್ಬರೇ ಲೇಖಕರು; ಅವರಲ್ಲಿ ರಿಚಿ ಭಾಷೆಯನ್ನು ಕಟ್ಟಿದವರು. ಅಲ್ಲಿ ಶಿಸ್ತು ಉಳಿದುದು ಆಶ್ಚರ್ಯವಲ್ಲ.

ಪೈಥಾನಿನ ಕಥೆ ಬೇರೆ. ಗ್ವಿಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಆ ಭಾಷೆಯ ಕೈಪಿಡಿಯನ್ನು ಅನೇಕ ದೇಶಗಳ ಅನೇಕರು ವರ್ಷಗಟ್ಟಲೆ ಬರೆಯುತ್ತ ಬಂದಿದ್ದಾರೆ. ಅಲ್ಲಿ ಶಿಸ್ತನ್ನು ಕಟ್ಟಳೆಗಳಿಂದ ಕಾಯಬೇಕಾಯಿತು. 2001ರಲ್ಲಿ 'ಪೆಪ್ 8' ಎಂಬ ಬರಹದ ನಿಯಮಾವಳಿ ಬಂತು: ಸಾಲಿನ ಮುಂದೆ ನಾಲ್ಕು ಸ್ಪೇಸ್ ಎಂಬುದು ಅದರದೇ ವಿಧಿ. ಅದೇ ವರ್ಷದ 'ಪೆಪ್ 257' ಪ್ರತಿ ಕಾರ್ಯಭಾಗದ ತಲೆಯಲ್ಲಿ ಬರೆಯುವ ವಿವರಣೆಯ ಒಕ್ಕಣೆಯನ್ನು ನಿರ್ಧರಿಸಿತು. ಮೊದಲ ಸಾಲಿನಲ್ಲಿ ಸಾರಾಂಶ, ಒಂದು ಖಾಲಿ ಸಾಲು, ಆಮೇಲೆ ವಿವರ. ಕಚೇರಿಯ ಟಿಪ್ಪಣಿ ಬರೆದು ಸವೆದ ನಮ್ಮಂತಹ ಗುಮಾಸ್ತರಿಗೆ ಇದು ತವರಿನ ಮಾತಿನಂತೆ ಕೇಳಿಸಿತು. 2008ರ ಸುಮಾರಿಗೆ ಅವರು ಇಡೀ ಕೈಪಿಡಿಯನ್ನು ಹೊಸ ವಿನ್ಯಾಸಕ್ಕೆ ತಂದು, ಸ್ಫಿಂಕ್ಸ್ ಎಂಬ ತಂತ್ರಾಂಶದಿಂದ ಪುಟ ಕಟ್ಟತೊಡಗಿದರು. ಯಾವ ಸೌಲಭ್ಯ ಯಾವ ಆವೃತ್ತಿಯಿಂದ ಬಂತು, ಯಾವುದು ಬದಲಾಯಿತು ಎಂಬುದಕ್ಕೆ ಅಲ್ಲಿ ಸಿದ್ಧಪಡಿಸಿದ ಗುರುತುಗಳಿವೆ. ಬರೆಯುವವರು ಗುರುತನ್ನಷ್ಟೇ ಹಾಕಬೇಕು, ಅಚ್ಚಿನ ರೂಪ ತಾನಾಗಿ ಬರುತ್ತದೆ. ಮನುಷ್ಯ ಟೈಪು ಮಾಡಬೇಕಾದ ಸಾಲಿನ ಮುಂದೆ ಬಾಣದ ಮೂರು ಗುರುತು; ಯಂತ್ರದ ಉತ್ತರಕ್ಕೆ ಗುರುತಿಲ್ಲ. ನಮ್ಮ ಮೂರನೆಯ ದೋಷಕ್ಕೆ ಇಷ್ಟು ಸರಳವಾದ ಔಷಧ ಅಲ್ಲಿಯೇ ಇತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ರೂಪ ಒಂದೇ ಇದ್ದ ಮಾತ್ರಕ್ಕೆ ಕೈಪಿಡಿ ಒಳ್ಳೆಯದಾಗದು. ಜಾವಾ ಭಾಷೆಯಲ್ಲಿ ಪ್ರೋಗ್ರಾಮಿನೊಳಗೆ ಬರೆದ ಟಿಪ್ಪಣಿಗಳಿಂದ ಪುಟಗಳನ್ನು ತಾನೇ ಕಟ್ಟುವ ಜಾವಾಡಾಕ್ ಎಂಬ ಸಾಧನವಿದೆ. ಅದರಿಂದ ಹುಟ್ಟಿದ ಪುಟಗಳು ನೋಡಲು ಅಚ್ಚುಕಟ್ಟು. ಆದರೆ 'ಹೆಸರು ಕೊಡು' ಎಂಬ ಆಜ್ಞೆಯ ಎದುರು 'ಹೆಸರು ಕೊಡುತ್ತದೆ' ಎಂದಷ್ಟೇ ಬರೆದ ಆಲಸಿಗಳೂ ಉಂಟು. ಹೆಸರು ಇಲ್ಲದಿದ್ದರೆ ಏನು ಕೊಡುತ್ತದೆ ಎಂಬುದೇ ಓದುಗನಿಗೆ ಬೇಕಾದುದು, ಅದು ಅಲ್ಲಿಲ್ಲ. ಕಚೇರಿಯ ನಮೂನೆಯಲ್ಲಿ ಪ್ರತಿ ಕಾಲಮ್ಮಿನ ಎದುರು 'ಅನ್ವಯಿಸುವುದಿಲ್ಲ' ಎಂದು ತುಂಬಿ ಕಳಿಸಿದಂತೆ. ಪೆಪ್ 8 ಕೂಡ ನಿಯಮ ಪಾಲಿಸುವುದರಿಂದ ಓದಿಗೆ ತೊಡಕಾಗುವುದಾದರೆ ನಿಯಮ ಬಿಡಿ ಎಂದು ಆರಂಭದಲ್ಲಿಯೇ ಎಚ್ಚರಿಸುತ್ತದೆ. ಕೇಶಿರಾಜನ ಕಟ್ಟು ಸಾರ್ಥಕವಾದುದು ಅದರೊಳಗಿನ ಪ್ರಯೋಗಗಳಿಂದ.

ಕನ್ನಡದಲ್ಲಿ ಬರೆಯುವವರಿಗೆ ಇವುಗಳ ಮೇಲೆ ನಮ್ಮದೇ ಕೆಲವು ತೊಡಕುಗಳಿವೆ. 2008ರ ಪೈಥಾನ್ 3ರಿಂದ ಚರಾಕ್ಷರಕ್ಕೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ಈ ಸಂತೋಷದಲ್ಲಿ ನಾವು 'ಪಾಸ್‌ಬುಕ್' ಎಂದು ಹೆಸರಿಟ್ಟೆವು, ಯಂತ್ರ ಒಪ್ಪಲಿಲ್ಲ. 'ಸ್' ಕೆಳಗೆ 'ಬ' ಒತ್ತಾಗಿ ಸೇರದಿರಲೆಂದು ನಡುವೆ ಹಾಕುವ ಕಣ್ಣಿಗೆ ಕಾಣದ ಗುರುತೊಂದಿದೆ. ಅದು ಪೈಥಾನಿನ ಹೆಸರಿನಲ್ಲಿ ಬರುವಂತಿಲ್ಲ. 'ಖಾತೆ' ಎಂದಿಟ್ಟರೆ ಸರಾಗ. ಅಂಕಿಗಳದೂ ಹೀಗೆಯೇ. ಉದ್ಧರಣ ಚಿಹ್ನೆಯೊಳಗೆ '೧೨' ಎಂದು ಕೊಟ್ಟು ಸಂಖ್ಯೆಯಾಗಿಸು ಎಂದರೆ ಪೈಥಾನ್ ಅದನ್ನು ಹನ್ನೆರಡೆಂದೇ ಗ್ರಹಿಸುತ್ತದೆ. ಅದೇ ಅಂಕಿಯನ್ನು ನೇರವಾಗಿ ಆಜ್ಞೆಯಲ್ಲಿ ಬರೆದರೆ ದೋಷವೆನ್ನುತ್ತದೆ. ಇಂಗ್ಲಿಷಿನ ಕೈಪಿಡಿಯನ್ನು ಕನ್ನಡಿಸಿದ ಮಾತ್ರಕ್ಕೆ ಇವು ತಿಳಿಯುವುದಿಲ್ಲ. ಕನ್ನಡದಲ್ಲಿ ಮಾಡಿ ನೋಡಿದವರಿಗಷ್ಟೇ ತಿಳಿಯುತ್ತವೆ.

ಪುಸ್ತಿಕೆಯ ಗತಿ ಏನಾಯಿತೆಂದು ಹೇಳಿ ಮುಗಿಸುತ್ತೇವೆ. ನಾಲ್ವರೂ ಕುಳಿತು ಒಂದೇ ಪುಟದ ಕಟ್ಟಳೆ ಬರೆದುಕೊಂಡೆವು. ವಸ್ತುವಿಗೊಂದೇ ಹೆಸರು: 'ಚರಾಕ್ಷರ' ಗೆದ್ದಿತು, ನಮ್ಮ 'ವೇರಿಯಬಲ್ಲು' ಸೋತಿತು. ಪ್ರತಿ ಪಾಠಕ್ಕೂ ನಿಯಮ, ವಿವರಣೆ, ಉದಾಹರಣೆ, ಯಂತ್ರದ ಉತ್ತರ, ಅಭ್ಯಾಸ ಎಂಬ ಒಂದೇ ಕ್ರಮ. ನಾಲ್ಕು ಸ್ಪೇಸ್, ಟ್ಯಾಬ್ ಇಲ್ಲ. ಯಂತ್ರದ ಉತ್ತರದ ಎಡಕ್ಕೆ ಒಂದು ಗೆರೆ. ಎಲ್ಲಕ್ಕಿಂತ ಮುಖ್ಯವಾದುದು: ಅಚ್ಚಾಗಲಿರುವ ಹಾಳೆಯಿಂದಲೇ ಉದಾಹರಣೆಯನ್ನು ಎತ್ತಿ ಯಂತ್ರದಲ್ಲಿ ಓಡಿಸದೆ ಯಾವ ಪುಟಕ್ಕೂ ಒಪ್ಪಿಗೆ ಇಲ್ಲ, ಬರೆದವರೇ ಅದನ್ನು ಪರೀಕ್ಷಿಸುವಂತಿಲ್ಲ.

ಕಲ್ಯಾಣದ ಆ ಗೃಹಿಣಿಯ ಮನೆಗೆ ನಾವು ಹೋಗಿ, ತಪ್ಪು ನಮ್ಮದೆಂದು ಒಪ್ಪಿಕೊಂಡು, ತಿದ್ದಿದ ಹಾಳೆಗಳನ್ನು ಕೊಟ್ಟುಬಂದೆವು. ಅವರು ಮತ್ತೆ ಬರುತ್ತಿದ್ದಾರೆ. ಬಂದ ಮೊದಲ ಭಾನುವಾರವೇ ತಿದ್ದಿದ ಮೂರನೆಯ ಅಧ್ಯಾಯದಲ್ಲಿ ಇನ್ನೂ ಎರಡು ಕಡೆ 'ವೇರಿಯಬಲ್ಲು' ಉಳಿದಿರುವುದನ್ನು ಪೆನ್ಸಿಲಿನಲ್ಲಿ ಸುತ್ತುಹಾಕಿ ತಂದಿದ್ದರು. "ಇದು ಬ್ಯಾರೇನ ಅದನೋ, ಅದನ್ನ ಹೇಳಾಕತ್ತೀರೋ, ಸರ?" ಎಂದು ಕೇಳಿದರು. ಅಂದಿನಿಂದ ಕರಡು ತಿದ್ದುವ ಕೆಲಸವನ್ನು ಅವರಿಗೇ ವಹಿಸಿದ್ದೇವೆ.

ಎರಡನೆಯ ಮುದ್ರಣಕ್ಕೆ ಇನ್ನೂ ನಾಲ್ಕನೆಯ ಅಧ್ಯಾಯ ಬಾಕಿಯಿದೆ. ಐರೋಲಿ, ಮಹಾಪೆಗಳಲ್ಲಿ ಈ ಕೆಲಸವನ್ನೇ ಮಾಡುವ ನಮ್ಮ ಓದುಗರ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಎರಡು ಭಾನುವಾರ ಬಿಡುವು ಮಾಡಿಕೊಂಡು ಬಂದರೆ ದೊಡ್ಡ ಉಪಕಾರ. ಕನ್ನಡ ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ಪುಟದಲ್ಲಿರುವುದನ್ನು ಇದ್ದಂತೆಯೇ ಯಂತ್ರಕ್ಕೆ ಹಾಕಿ, ಎಲ್ಲಿ ನಿಂತಿತೆಂದು ಗುರುತುಮಾಡಿ ಕೊಟ್ಟರೆ ಸಾಕು.